ಹೊರಗಿಟ್ಟವರ ಪಟ್ಟಿ

ಪ್ರಶ್ನೆ ಒಂದೇ ಸಾಲಿನದು:
ಮಗ್ಗದ ಗದ್ದಲದಲ್ಲಿ ದುಡಿಯುವವರನ್ನು
ಕಿವಿಗಿಟ್ಟ ಬಿರಡೆ ಕಾಪಾಡುತ್ತದೆಯೇ, ಇಲ್ಲವೇ?
ಅದಕ್ಕೆ ನಾನು ಹೆಣೆದ ಬಲೆ ಅರವತ್ತೆರಡು ಸಾಲು.

ತಾರ್ತುವಿನಲ್ಲಿ ನವೆಂಬರ್. ನಾಲ್ಕಕ್ಕೆಲ್ಲ ಕತ್ತಲು.
ಗ್ರಂಥಾಲಯದ ಮೂರನೆಯ ಮಹಡಿಯಲ್ಲಿ ಕೂತು
'ಅಥವಾ'ಗಳನ್ನು ಕಂಸದೊಳಗೆ ಕೂರಿಸುತ್ತೇನೆ,
'ಮತ್ತು'ಗಳನ್ನು ಹೊರಗೆ ಕಾವಲಿಗೆ ನಿಲ್ಲಿಸುತ್ತೇನೆ.
'ಅಲ್ಲ'ವನ್ನು ಮಾತ್ರ ಮುಟ್ಟುವುದಿಲ್ಲ.
ಒಮ್ಮೆ ಹಾಗೆಂದರೆ ಏನನ್ನು ಕಳೆದುಕೊಂಡೆನೆಂದು
ಯಾವ ಯಂತ್ರವೂ ಮತ್ತೆ ಬಂದು ಹೇಳುವುದಿಲ್ಲ.

ಇಂಗ್ಲಿಷಿನ ಕಿವಿಗೆ ಮೂರೇ ಅಕ್ಷರ.
ಬಾಲಕ್ಕೊಂದು ನಕ್ಷತ್ರ ಹಚ್ಚಿ ಬಿಟ್ಟೆ ನೋಡಿ,
ಎರೆಹುಳು ಬಂತು, ಭೂಕಂಪ ಬಂತು,
ಬೇಗ ಬಿತ್ತಿದ ಬಾರ್ಲಿ ಬಂತು, ಯಾರದೋ ಗಳಿಕೆ ಬಂತು,
ನಲವತ್ತು ಸಾವಿರದ ಅಡಿಯಲ್ಲಿ ಎಲ್ಲೋ ಕಿವಿ.
ನಕ್ಷತ್ರ ಕಿತ್ತೆ.
ನಾಲ್ಕು ಬಾಗಿಲಿಂದ ನಾಲ್ಕು ವೇಷದಲ್ಲಿ ನುಗ್ಗಿದ ಒಂದೇ ಲೇಖನವನ್ನು
ಗುರುತು ಹಿಡಿದು ಮೂರು ಸಲ ಹೊರಗೆ ಕಳಿಸಿದೆ.
ಉಳಿದದ್ದು ಮೂರು ಸಾವಿರದ ಒಂಬೈನೂರು, ಚಿಲ್ಲರೆ.

ಆಮೇಲೆ ಓದುವವರು ಇಬ್ಬರು,
ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ.
ಲೀವಿಕಾ, ಮಗು ಮಲಗಿದ ಮೇಲೆ ಅಡುಗೆಮನೆಯಲ್ಲಿ;
ಡಾಕ್ಟರ್ ರೌನೊ, ಬೆಳಗಿನ ಬಸ್ಸಿನಲ್ಲಿ, ಹೆಬ್ಬೆರಳಿನಿಂದ.
ಹೌದು. ಅಲ್ಲ. ಅಲ್ಲ. ಅಲ್ಲ. ಇರಬಹುದು. ಅಲ್ಲ.
ಇಲಿಗಳ ಮೇಲಿನ ಪ್ರಯೋಗ, ಅಲ್ಲ.
ಗಣಿಯ ಗಂಡಸರು, ಅಲ್ಲ.
ಮಗ್ಗವೇನೋ ಮಗ್ಗವೇ, ಆದರೆ ವಿಚಾರಿಸಿದ್ದು ಬೆನ್ನುನೋವು, ಅಲ್ಲ.
ಒಂದು 'ಅಲ್ಲ'ಕ್ಕೆ ಒಂಬತ್ತು ಸೆಕೆಂಡು.
ಬರೆದವರಿಗೆ ಹಿಡಿದದ್ದು ಎಷ್ಟು ವರ್ಷವೋ,
ನಮ್ಮ ತಖ್ತೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ದಾಖಲೆ ಎರಡು ಸಾವಿರದ ನೂರ ನಾಲ್ಕರಲ್ಲಿ ಇಬ್ಬರೂ ಸಿಕ್ಕಿಕೊಂಡರು.
ರಷ್ಯನ್ ಭಾಷೆ. ಎಪ್ಪತ್ತೊಂದನೆಯ ಇಸವಿ.
ಗಿರಣಿ ಆಸ್ಪತ್ರೆಯ ನರ್ಸೊಬ್ಬಳ ವರದಿ:
ಹನ್ನೊಂದು ಹೆಂಗಸರು, ಹತ್ತಿಯ ಉಂಡೆಗೆ ಮೇಣ ಸವರಿ
ಕಿವಿಗಿಟ್ಟುಕೊಂಡವರು. ಹೋಲಿಕೆಗೆ ಬೇರೆ ಗುಂಪಿಲ್ಲ.
ಲೀವಿಕಾ 'ಹೌದು' ಅಂದಿದ್ದಳು. ರೌನೊ 'ಅಲ್ಲ'.

ಕ್ಯಾಂಟೀನಿನಲ್ಲಿ ಮೂರನೆಯವಳಾಗಿ ಕೂತೆ.
ಕಪ್ಪು ರೊಟ್ಟಿ, ಬಟಾಣಿ ಸೂಪು.
"ನಿಯಮ ನಾವೇ ಬರೆದದ್ದು," ಅಂದ ರೌನೊ,
"ಉತ್ತರ ನೋಡುವುದಕ್ಕೆ ಮೊದಲೇ."
ಕೆಟ್ಟವನಲ್ಲ ಅವನು. ಮಾತೂ ನಿಜ.
ಮನಸ್ಸಿಗೆ ಹಿಡಿಸಿತೆಂದು ಜರಡಿಯ ಕಣ್ಣು ಅಗಲಿಸುವುದು ಮೋಸ.
ಲೀವಿಕಾ ಸೂಪು ಕಲಕುತ್ತ, "ಪೂರ್ತಿ ಓದಿದೆಯಾ?" ಅಂದಳು.
ಅವನಿಗೆ ರಷ್ಯನ್ ಬರುವುದಿಲ್ಲ, ಅವಳಿಗೂ;
ಒಕ್ಕೂಟ ಒಡೆದ ಮೇಲೆ ಹುಟ್ಟಿದವರು.
ನನಗೆ ಬರುತ್ತದೆ. ಬೇಡವೆಂದರೂ ಕಲಿಸಿದ್ದರು.

ನೆಲಮಾಳಿಗೆಯಿಂದ ತರಿಸಿದೆ.
ಆರು ಪುಟ. ಬೈಂಡಿನ ಅಂಟು ಪುಡಿಪುಡಿ.
ಹೆಸರುಗಳಿಲ್ಲ, ಮೊದಲಕ್ಷರಗಳಷ್ಟೇ.
ವಿ., ಮೂವತ್ತನಾಲ್ಕು: ತುಟಿ ನೋಡಿ ಮಾತು ತಿಳಿಯುತ್ತಾಳೆ.
ಎನ್., ಇಪ್ಪತ್ತೆರಡು: ಮೇಣ ಕರಗಿ ಕತ್ತಿಗಿಳಿಯಿತೆಂದು ತೆಗೆದುಬಿಟ್ಟಳು.
ಎಲ್.: ಮನೆಯಲ್ಲಿ ಕೂಗಿ ಮಾತಾಡುತ್ತಾಳೆ;
ಗಂಡ ಅದನ್ನು ಜಗಳ ಎಂದುಕೊಂಡಿದ್ದಾನೆ.
ನಾನು ಜೋರಾಗಿ ಎಸ್ಟೋನಿಯನ್‌ಗೆ ತಿರುಗಿಸುತ್ತ ಹೋದೆ.
ನಡುವೆ ಯಾವಾಗಲೋ ರೌನೊ
ಫೋನನ್ನು ಬೋರಲು ಹಾಕಿದ.

ಕೊನೆಗೆ ಹೊರಗೇ ಇಟ್ಟೆವು. ಮೂವರೂ ಒಪ್ಪಿ.
ಮೇಣ ಕಾಪಾಡಿತು ಎನ್ನಲಾಗದು,
ಕಾಪಾಡಲಿಲ್ಲ ಎಂದೂ.
ಜೊಳ್ಳೆಂದು ತೂರಿದ್ದಲ್ಲ ಇದು;
ನಮ್ಮ ಸೇರಿನ ಬಾಯಿಗೆ ಹಿಡಿಯದ ಕಾಳು.

ವರದಿಯ ಮೊದಲ ಪುಟಕ್ಕೆ ಬಂದದ್ದು ಹದಿನಾಲ್ಕು ಅಧ್ಯಯನ.
ಹಿಂದೆ, ಪರಿಶಿಷ್ಟ ಮೂರರಲ್ಲಿ, ಯಾರೂ ತೆರೆಯದ ಕಡೆ
ಹೊರಗಿಟ್ಟವರ ಪಟ್ಟಿ, ಒಬ್ಬೊಬ್ಬರಿಗೂ ಕಾರಣ ಸಮೇತ.
ಅದನ್ನು ಟೈಪು ಮಾಡುವುದು ನನ್ನ ಕೆಲಸ.
ಕಾರಣಕ್ಕೆ ಜಾಗ ಮೂರು ಪದದಷ್ಟು.
'ಹೋಲಿಕೆ ಗುಂಪು ಇಲ್ಲ' ಎಂದು ಬರೆದೆ.
ಅಕ್ಷರ ಚಿಕ್ಕದು ಮಾಡಿ ಪಕ್ಕದಲ್ಲಿ
'ಹೆಂಗಸರು ಇದ್ದರು, ಹನ್ನೊಂದು' ಎಂದೂ ಬರೆದೆ.
ಸಂಪಾದಕರು ಹೊಡೆದುಹಾಕಿದರೆ ಹಾಕಲಿ.

ಸೋಮವಾರ ಹುಡುಕಾಟವನ್ನು ಮತ್ತೆ ಓಡಿಸಬೇಕು,
ಈ ನಡುವೆ ಹೊಸದಾಗಿ ಯಾರಾದರೂ ಬರೆದಿದ್ದರೆ ಎಂದು.
ಎರೆಹುಳು ನುಗ್ಗದಂತೆ ನೋಡಿಕೊಳ್ಳಬೇಕು.